ಹುಲ್ಲಿನ ಬೇರಿನಲ್ಲಿ ಸಿಕ್ಕ ಗುಟ್ಟು

ಆಷಾಢ ಕಳೆದು ಶ್ರಾವಣ ಹುಟ್ಟುವ ಹೊತ್ತಿಗೆ ನಮ್ಮ ಬಯಲುಸೀಮೆಯ ರಾಗಿ ಹೊಲಗಳ ಬದುವಿನ ಮೇಲೆ ನಿಂತು ನೋಡಿದವರಿಗೆ ಈ ದೃಶ್ಯ ಪರಿಚಿತವಾದದ್ದು. ಒಂದು ಹೊಲದ ಪೈರು ಕಡುಹಸುರಾಗಿ ತಲೆಯೆತ್ತಿ ನಿಂತಿರುತ್ತದೆ. ಮಗ್ಗುಲ ಹೊಲದ ಪೈರು ಕಾಮಾಲೆ ಹಿಡಿದ ಮಗುವಿನಂತೆ ಹಳದಿಗೆ ತಿರುಗಿ ಸೊರಗಿರುತ್ತದೆ. ಎರಡಕ್ಕೂ ಬಿದ್ದ ಮಳೆ ಒಂದೇ, ಕಾಯ್ದ ಬಿಸಿಲು ಒಂದೇ, ಬಿತ್ತಿದ ಬೀಜವೂ ಒಂದೇ ಇದ್ದೀತು. ‘ಗೊಬ್ಬರ ಸಾಲದು’ ಎಂದು ರೈತನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಆ ಮಾತನ್ನೇ ವಿಜ್ಞಾನಿಯು ಕೊಂಚ ತಿದ್ದಿ ‘ಸಾರಜನಕ ಸಾಲದು’ ಎನ್ನುತ್ತಾನೆ.

ಆದರೆ ಇದೆಂತಹ ವಿಚಿತ್ರ! ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆ ಬಡಪೈರು ನಿಂತಿರುವ ಒಂದು ಎಕರೆ ನೆಲದ ನೇರಕ್ಕೆ, ವಾಯುಮಂಡಲದ ತುದಿಯವರೆಗೂ ಲೆಕ್ಕ ಹಾಕಿದರೆ, ಸುಮಾರು 30,000 ಟನ್ ಸಾರಜನಕ ಕವಿದುಕೊಂಡಿದೆ. ರೈತನು ಅಂಗಡಿಯಿಂದ ಹೊತ್ತು ತರುವ 45 ಕಿಲೋ ಯೂರಿಯಾ ಚೀಲದಲ್ಲಿರುವುದಾದರೋ ಸುಮಾರು 20 ಕಿಲೋ ಮಾತ್ರ. ತಲೆಯ ಮೇಲೆ ಕುಬೇರನ ಭಂಡಾರವಿದ್ದರೂ ಪೈರು ಇಪ್ಪತ್ತು ಕಿಲೋ ಸಾಲಕ್ಕಾಗಿ ಕೈಯೊಡ್ಡಬೇಕು.

ಆ ಭಂಡಾರಕ್ಕೆ ಬೀಗ ಹಾಕಿರುವುದು ಸ್ವತಃ ಸಾರಜನಕವೇ. ಗಾಳಿಯಲ್ಲಿ ಅದರ ಪರಮಾಣುಗಳು ಜೋಡಿಜೋಡಿಯಾಗಿ ಇರುತ್ತವೆ. ಒಂದೊಂದು ಜೋಡಿಯೂ ಒಂದಲ್ಲ, ಎರಡಲ್ಲ, ಮೂರು ಬಂಧಗಳಿಂದ ಬಿಗಿಯಲ್ಪಟ್ಟಿದೆ. ಈ ಮೂರು ಗಂಟನ್ನು ಬಿಚ್ಚಿ ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡಿದ ಮೇಲೆಯೇ ಗಿಡದ ಬೇರು ಅದನ್ನು ಹೀರಬಲ್ಲದು. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಪ್ರಯೋಗಶಾಲೆಯ ಮೇಜಿನ ಮೇಲೆ ಇದನ್ನು ಸಾಧಿಸಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆಯನ್ನೇ ನಡೆಸಿದ. ಆದರೆ ಅದಕ್ಕೆ ಬೇಕಾದ ಶಾಖ 400 ಡಿಗ್ರಿಗೂ ಮೇಲೆ. ಬೇಕಾದ ಒತ್ತಡ ನಮ್ಮ ವಾಯುಮಂಡಲದ ಒತ್ತಡದ ಇನ್ನೂರು ಪಟ್ಟಿನ ಆಸುಪಾಸು. ಇಂದು ನಾವು ಉಣ್ಣುವ ಅನ್ನದಲ್ಲಿ ಈ ಕುಲುಮೆಯ ಪಾಲು ಎಷ್ಟೆಂಬುದನ್ನು ಯೂರಿಯಾ ಬಾರದ ವರ್ಷದಲ್ಲಿ ಸೊಸೈಟಿಯ ಮುಂದೆ ನಿಂತ ಸಾಲುಗಳೇ ಹೇಳುತ್ತವೆ.

ಇಂತಹ ಕೆಲಸವನ್ನು ಕುಲುಮೆಯಿಲ್ಲದೆ, ಹೊಗೆಯಿಲ್ಲದೆ, ಸಾಧಾರಣ ಮಣ್ಣಿನ ಬಿಸುಪಿನಲ್ಲಿ, ಕಣ್ಣಿಗೆ ಕಾಣದ ಒಂದು ಅಣುಜೀವಿ ಮಾಡಿ ಮುಗಿಸುತ್ತದೆ ಎಂದರೆ ವಾಚಕರಿಗೆ ಸೋಜಿಗವಾಗದೆ ಇರದು.

ಬಟಾಣಿಗೆ ಒಂದು ನ್ಯಾಯ, ಓಟ್ಸಿಗೆ ಒಂದು ನ್ಯಾಯ

ಕಾಳಿನ ಪೈರನ್ನು ಬೆಳೆದ ನೆಲ ಮರುವರ್ಷ ಹುಲುಸಾಗಿರುತ್ತದೆಂಬುದು ಎಲ್ಲ ದೇಶಗಳ ಒಕ್ಕಲಿಗರಿಗೂ ಹಿಂದಿನಿಂದ ತಿಳಿದ ಮಾತು. ಏಕೆ ಎಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ಜರ್ಮನಿಯ ಹರ್ಮನ್ ಹೆಲ್‌ರೀಗಲ್ ಮತ್ತು ಅವನ ಜೊತೆಗಾರ ವಿಲ್‌ಫಾರ್ಟ್ ಮರಳು ತುಂಬಿದ ಕುಂಡಗಳಲ್ಲಿ ಒಂದು ಕಡೆ ಬಟಾಣಿ, ಇನ್ನೊಂದು ಕಡೆ ಓಟ್ಸ್ ಬೆಳೆದು ನೋಡಿದರು. ಓಟ್ಸ್ ಗಿಡದ್ದು ಸರಳವಾದ ಲೆಕ್ಕ. ಎಷ್ಟು ಸಾರಜನಕ ಹಾಕಿದರೆ ಅಷ್ಟು ಬೆಳೆ, ಹಾಕದಿದ್ದರೆ ಉಪವಾಸ. ಬಟಾಣಿಯಾದರೋ ಆ ಲೆಕ್ಕಕ್ಕೆ ಸಿಗಲಿಲ್ಲ. ಸಾರಜನಕವಿಲ್ಲದ ಮರಳಿನಲ್ಲಿ ಹೊಲದ ಮಣ್ಣು ಕಲಸಿದ ಒಂದಿಷ್ಟು ನೀರನ್ನು ಹನಿಸಿದರೆ ಸಾಕು, ಬೇರಿನಲ್ಲಿ ಗಂಟುಗಳೆದ್ದು ಗಿಡ ನಳನಳಿಸುತ್ತಿತ್ತು. ಅದೇ ನೀರನ್ನು ಕುದಿಸಿ ಹಾಕಿದರೆ ಏನೂ ಇಲ್ಲ! ಕುದಿಸಿದರೆ ಸಾಯುವಂಥದ್ದು ಏನೋ ಆ ಮಣ್ಣಿನಲ್ಲಿದೆ ಎಂದಾಯಿತಲ್ಲ. 1886ರಲ್ಲಿ ಅವರು ಈ ಸಂಗತಿಯನ್ನು ಲೋಕಕ್ಕೆ ಸಾರಿದರು. ಎರಡು ವರ್ಷಗಳ ತರುವಾಯ ಹಾಲೆಂಡಿನ ಬೈಯರಿಂಕ್ ಆ ಗಂಟುಗಳೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ. ಇದೇ ಇಂದಿನ ರೈಜೋಬಿಯಂ. 1896ರ ವೇಳೆಗೆ ನೊಬ್ಬೆ ಮತ್ತು ಹಿಲ್ಟ್ನರ್ ಎಂಬವರು ಇದನ್ನು ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೇ ಇಟ್ಟರು.

ಬಟಾಣಿಯ ಒಗಟೇನೋ ಬಿಡಿಸಿತು. ಓಟ್ಸಿನ ಉಪವಾಸ ಹಾಗೆಯೇ ಉಳಿಯಿತು. ಮನುಷ್ಯನ ಹೊಟ್ಟೆ ತುಂಬಿಸುವುದು ಹೆಚ್ಚಾಗಿ ಬತ್ತ, ಗೋಧಿ, ಜೋಳ, ರಾಗಿ, ಮುಸುಕಿನ ಜೋಳಗಳೇ ಅಲ್ಲವೆ? ಇವೆಲ್ಲ ಹುಲ್ಲಿನ ಜಾತಿಯವು; ಇವುಗಳ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಬೈಯರಿಂಕನೇ 1901ರಲ್ಲಿ ಗಿಡದ ಹಂಗಿಲ್ಲದೆ ಮಣ್ಣಿನಲ್ಲಿ ಸ್ವತಂತ್ರವಾಗಿ ಬಾಳುತ್ತ ಸಾರಜನಕ ಹಿಡಿಯುವ ಅಜೋಟೋಬ್ಯಾಕ್ಟರ್ ಎಂಬ ಜೀವಿಯನ್ನು ಕಂಡುಹಿಡಿದಾಗ, ಏಕದಳ ಧಾನ್ಯಗಳಿಗೂ ಒಳ್ಳೆಯ ಕಾಲ ಬಂತೆಂದು ಹಲವರು ಹಿಗ್ಗಿದರು. ಸೋವಿಯೆತ್ ದೇಶದಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಲಕ್ಷಾಂತರ ಹೆಕ್ಟೇರುಗಳಿಗೆ ಅದನ್ನು ಹಾಕಿಯೂ ನೋಡಿದರು. ಫಲ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು, ಅದೂ ಅಲ್ಪ. ಮಣ್ಣಿನಲ್ಲಿ ಅದಕ್ಕೆ ಹೊಟ್ಟೆತುಂಬ ಸಕ್ಕರೆ ಎಲ್ಲಿ ಸಿಗಬೇಕು? ಸಾರಜನಕದ ಗಂಟು ಬಿಚ್ಚುವುದು ಬಲು ಖರ್ಚಿನ ಕೆಲಸ. ಹಸಿದ ಕೂಲಿಯಾಳು ಬಂಡೆ ಒಡೆಯಲಾರ.

ಬಂದಳೊಬ್ಬ ನಿರಾಶ್ರಿತೆ

ಇಲ್ಲಿಂದ ಮುಂದಿನ ಕತೆ ಯೂರೋಪಿನಲ್ಲಿ ನಡೆಯುವುದಿಲ್ಲ. ಬ್ರೆಜಿಲ್ ದೇಶದ ಕೆಂಪು ನೆಲದಲ್ಲಿ ನಡೆಯುತ್ತದೆ. ಅದರ ನಾಯಿಕೆ ಯೋಹಾನ್ನಾ ಡೋಬರೈನರ್.

1924ರಲ್ಲಿ ಚೆಕೊಸ್ಲೊವಾಕಿಯದ ಔಸಿಗ್ ಪಟ್ಟಣದಲ್ಲಿ ಜರ್ಮನ್ ಮಾತನಾಡುವ ಮನೆತನದಲ್ಲಿ ಹುಟ್ಟಿದವಳು ಈಕೆ. ತಂದೆ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಎರಡನೆಯ ಮಹಾಯುದ್ಧ ಮುಗಿದದ್ದೇ ತಡ, ಆ ನಾಡಿನ ಜರ್ಮನರನ್ನೆಲ್ಲ ಹೊರಗಟ್ಟಲಾಯಿತು. ಮನೆತನ ಚದುರಿತು, ಆ ಗೊಂದಲದಲ್ಲಿ ತಾಯಿ ತೀರಿಕೊಂಡಳು. ಇಪ್ಪತ್ತೊಂದರ ಯುವತಿ ಜರ್ಮನಿಯ ಹೊಲಮನೆಯಲ್ಲಿ ಹಸುಗಳ ಹಾಲು ಕರೆದು, ಗೊಬ್ಬರ ಹರವಿ ಹೊಟ್ಟೆ ಹೊರೆದಳು. ಮುಂದೆ ಮ್ಯೂನಿಕ್ಕಿನಲ್ಲಿ ಕೃಷಿಶಾಸ್ತ್ರ ಓದಿ, ಪಶುವೈದ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬನನ್ನು ಮದುವೆಯಾಗಿ, ಆ ದಂಪತಿಗಳು 1950ರ ವೇಳೆಗೆ ಬ್ರೆಜಿಲಿಗೆ ವಲಸೆ ಹೋದರು. ರಿಯೋ ನಗರದ ಹತ್ತಿರದ ಸೆರೋಪೆಡಿಕಾದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆಕೆಗೆ ಕೆಲಸ ಸಿಕ್ಕಿತು. 1956ರಲ್ಲಿ ಆಕೆ ಬ್ರೆಜಿಲಿನ ಪ್ರಜೆಯೂ ಆದಳು.

ಆ ಕಾಲದಲ್ಲಿ ಬಿಸಿಲ ನಾಡುಗಳ ಮಣ್ಣಿನ ಅಣುಜೀವಿಗಳ ವಿಷಯ ಯಾರಿಗೂ ಹೆಚ್ಚು ತಿಳಿದಿರಲಿಲ್ಲ. ತಿಳಿಯುವ ಆತುರವೂ ಇರಲಿಲ್ಲ. ತಂಪು ದೇಶದ ಪಾಠಗಳೇ ಎಲ್ಲೆಲ್ಲೂ ಪಾಠ. ಆದರೆ ಡೋಬರೈನರಳ ಕಣ್ಣು ಹೋದದ್ದು ಕಾಲಡಿಯ ಹುಲ್ಲಿನ ಮೇಲೆ. ‘ಬಟಾಟಾಯಿಸ್’ ಎಂಬ ಹೆಸರಿನ ಆ ಹುಲ್ಲು ಒಂದು ಹಿಡಿ ಗೊಬ್ಬರವನ್ನೂ ಕಾಣದೆ ವರ್ಷವರ್ಷವೂ ಹಸುರಾಗಿರುತ್ತಿತ್ತು. ಕತ್ತರಿಸಿದರೂ ಮತ್ತೆ ಚಿಗುರುತ್ತಿತ್ತು. ಇದಕ್ಕೆ ಊಟ ಎಲ್ಲಿಂದ? ಆಕೆ ಅದರ ಬೇರು ಕಿತ್ತು ಹುಡುಕಿ, 1966ರಲ್ಲಿ ಆ ಬೇರನ್ನೇ ನೆಚ್ಚಿ ಬಾಳುವ ಒಂದು ಹೊಸ ಅಜೋಟೋಬ್ಯಾಕ್ಟರನ್ನು ಜಗತ್ತಿಗೆ ತೋರಿಸಿದಳು. ಹುಲ್ಲಿಗೂ ಒಬ್ಬ ಒಕ್ಕಲಿದ್ದಾನೆ ಎಂದಾಯಿತು.

ಹುಲ್ಲಿನಿಂದ ಮುಸುಕಿನ ಜೋಳಕ್ಕೆ ಎಷ್ಟು ದೂರ? ಅದೂ ಹುಲ್ಲೇ. 1970ರ ದಶಕದಲ್ಲಿ ಆಕೆ ಮತ್ತು ಆಕೆಯ ಶಿಷ್ಯರು ಹುಲ್ಲು, ಜೋಳಗಳ ಬೇರಿನಿಂದ ಸುರುಳಿಯಾಕಾರದ ಇನ್ನೊಂದು ಬ್ಯಾಕ್ಟೀರಿಯವನ್ನು ಹಿಡಿದರು. ಇದನ್ನು ಬೈಯರಿಂಕ್ 1925ರಷ್ಟು ಹಿಂದೆಯೇ ಹೆಸರಿಸಿ ಬಿಟ್ಟಿದ್ದ, ಲೋಕ ಮರೆತಿತ್ತು. 1978ರಲ್ಲಿ ಅದಕ್ಕೆ ‘ಅಜೋಸ್ಪಿರಿಲಂ’ ಎಂದು ಹೊಸ ನಾಮಕರಣವಾಯಿತು. ಇಂದು ನಮ್ಮ ಹಳ್ಳಿಯ ಗೊಬ್ಬರದಂಗಡಿಗಳಲ್ಲಿ ಮಾರುವ ಪೊಟ್ಟಣದ ಮೇಲಿನ ಹೆಸರೂ ಇದೇ.

ಅದನ್ನು ಹಿಡಿದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸಾರಜನಕವನ್ನು ಬಿಡಿಸುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಅದರ ಒಡಲಲ್ಲಿ ಕಬ್ಬಿಣವೂ ಮಾಲಿಬ್ಡಿನಂ ಎಂಬ ಲೋಹವೂ ಇವೆ. ಅದಕ್ಕೆ ಆಮ್ಲಜನಕವೆಂದರೆ ವಿಷ. ಆದರೆ ಬ್ಯಾಕ್ಟೀರಿಯಕ್ಕೆ ದುಡಿಯುವ ತ್ರಾಣ ಬರಬೇಕಾದರೆ ಉಸಿರಾಡಲು ಅದೇ ಆಮ್ಲಜನಕ ಬೇಕು! ಬೇಕು, ಆದರೆ ಬೇಡ. ಅವರೆ, ಬಟಾಣಿಗಳು ಗಂಟಿನೊಳಗೆ ನಮ್ಮ ರಕ್ತದ ಬಣ್ಣಕ್ಕೆ ನಂಟನಾದ ಒಂದು ಕೆಂಪು ವಸ್ತುವನ್ನು ತುಂಬಿ, ಅದರ ಮೂಲಕ ಆಮ್ಲಜನಕವನ್ನು ಅಳೆದು ಅಳೆದು ಬಡಿಸುತ್ತವೆ. ಅಜೋಸ್ಪಿರಿಲಂಗೆ ಅಂತಹ ಮನೆಯಿಲ್ಲ. ಹಿಂದಿನವರು ಅದನ್ನು ಗಾಳಿಯಾಡುವ ತಟ್ಟೆಯ ಮೇಲೆ ಬೆಳೆಸಲು ಹೋಗಿ ಸೋತಿದ್ದರು. ಡೋಬರೈನರ್ ಒಂದು ಪುಟ್ಟ ಸೀಸೆಯಲ್ಲಿ ಅರೆಗಟ್ಟಿಯಾದ, ಗಂಜಿಯಂತಹ ಆಹಾರವನ್ನಿಟ್ಟು, ಬೇರಿನ ತುಣುಕನ್ನು ಹಾಕಿ, ಅಲುಗಿಸದೆ ಬಿಟ್ಟಳು. ಬ್ಯಾಕ್ಟೀರಿಯಗಳು ತಮಗೆ ಹಿತವಾದಷ್ಟೇ ಗಾಳಿಯಿರುವ ಆಳವನ್ನು ತಾವೇ ಹುಡುಕಿಕೊಂಡು ಈಜಿ ಹೋಗಿ, ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ತೆಳುವಾದ ಬಿಳಿಯ ಪರದೆಯೊಂದನ್ನು ನೇಯ್ದು ನಿಂತವು. ಲಕ್ಷಗಟ್ಟಲೆ ಬೆಲೆಯ ಯಂತ್ರವಲ್ಲ. ಒಂದು ಸೀಸೆ, ಒಂದಿಷ್ಟು ಗಂಜಿ, ಮಿಕ್ಕದ್ದು ತಾಳ್ಮೆ.

ಹಿಗ್ಗು, ಕುಗ್ಗು

1974–75ರಲ್ಲಿ ಈ ಸುದ್ದಿ ಹೊರಬಿದ್ದಾಗ ಪ್ರಪಂಚದ ಕೃಷಿ ವಿಜ್ಞಾನಿಗಳಲ್ಲಿ ಎಬ್ಬಿಸಿದ ಸಂಚಲನ ಅಷ್ಟಿಷ್ಟಲ್ಲ. ತೈಲದ ಬೆಲೆ ಏರಿ ರಾಸಾಯನಿಕ ಗೊಬ್ಬರವೂ ದುಬಾರಿಯಾಗಿದ್ದ ಕಾಲವದು. ಬ್ರೆಜಿಲಿನ ಕೆಲವು ಮುಸುಕಿನ ಜೋಳದ ಬೇರುಗಳು ಸೋಯಾ ಅವರೆಗೆ ಸರಿಗಟ್ಟುವಷ್ಟು ಸಾರಜನಕ ಹಿಡಿಯುತ್ತವೆಂದು ಮೊದಲ ಅಳತೆಗಳು ಹೇಳಿದವು. ಇನ್ನೇನು, ಜೋಳಕ್ಕೆ ಯೂರಿಯಾ ಬೇಡ!

ಅಳತೆಯಲ್ಲೇ ಎಡವಟ್ಟಾಗಿತ್ತು. ಸಾರಜನಕ ಒಡೆಯುವ ಕಿಣ್ವವು ಅಸಿಟಿಲೀನ್ ಅನಿಲವನ್ನು ಎಥಿಲೀನ್ ಆಗಿಯೂ ಮಾರ್ಪಡಿಸುತ್ತದೆ. ಆ ಎಥಿಲೀನನ್ನು ಅಳೆದು ಕಿಣ್ವದ ದುಡಿಮೆಯನ್ನು ಊಹಿಸುವುದು ಅಂದಿನ ಕ್ರಮ. ಬೇರುಗಳನ್ನು ಕತ್ತರಿಸಿ, ತೊಳೆದು, ಕಡಿಮೆ ಆಮ್ಲಜನಕದಲ್ಲಿ ಇಡೀ ರಾತ್ರಿ ಇಟ್ಟು ಬೆಳಗ್ಗೆ ಅಳೆಯುತ್ತಿದ್ದರು. ಆ ಒಂದು ರಾತ್ರಿಯಲ್ಲಿ ಬ್ಯಾಕ್ಟೀರಿಯಗಳು ಕತ್ತರಿಸಿದ ಬೇರಿನ ರಸವುಂಡು ಮನಸಾರೆ ಹೆಚ್ಚಿಕೊಳ್ಳುತ್ತಿದ್ದವು! ಬೆಳಗ್ಗೆ ಅಳೆದದ್ದು ಹೊಲದ ಲೆಕ್ಕವಲ್ಲ, ಸೀಸೆಯೊಳಗಿನ ಹಬ್ಬದ ಲೆಕ್ಕ. ಬೇರೆ ದೇಶಗಳವರು ಹೊಲದಲ್ಲಿ ಪರೀಕ್ಷಿಸಿದಾಗ ಜೋಳಕ್ಕೆ ಗಾಳಿಯಿಂದ ದಕ್ಕಿದ ಸಾರಜನಕ ಬಹಳ ಅಲ್ಪವೆಂದು ಕಂಡಿತು. ಅತ್ಯುತ್ಸಾಹವೆಲ್ಲ ತಣ್ಣಗಾಯಿತು, ಕೆಲವರು ಈ ಜಾಡನ್ನೇ ಬಿಟ್ಟು ನಡೆದರು.

ಆದರೂ ಒಂದು ಸಂಗತಿ ಉಳಿದೇ ಇತ್ತು. ಅಜೋಸ್ಪಿರಿಲಂ ಹಚ್ಚಿದ ಬೀಜದ ಪೈರು ಅನೇಕ ಕಡೆ ಹೆಚ್ಚು ಇಳುವರಿ ಕೊಡುತ್ತಿತ್ತು. ಸಾರಜನಕ ಕೊಡದಿದ್ದರೆ ಮತ್ತೇನನ್ನು ಕೊಟ್ಟಿತು? ಸಾರಜನಕ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡ ಅಜೋಸ್ಪಿರಿಲಂ ಹಚ್ಚಿದರೂ ಗಿಡ ಚೆನ್ನಾಗಿ ಬೆಳೆದದ್ದು ಕಂಡಾಗ ಗುಟ್ಟು ಹೊರಬಿತ್ತು. ಈ ಜೀವಿ ಬೇರಿನ ಮೇಲೆ ಕುಳಿತು ಗಿಡದ ಬೆಳವಣಿಗೆಯ ಹಾರ್ಮೋನನ್ನು ತಾನೇ ತಯಾರಿಸಿ ಒಸರುತ್ತದೆ. ಅದರಿಂದ ಬೇರು ಕವಲೊಡೆದು, ರೋಮಬೇರುಗಳು ದಟ್ಟವಾಗಿ ಹುಟ್ಟಿ, ಮಣ್ಣಿನಲ್ಲಿ ಇರುವ ನೀರನ್ನೂ ಗೊಬ್ಬರವನ್ನೂ ಪೈರು ಚೆನ್ನಾಗಿ ಹೀರಿಕೊಳ್ಳುತ್ತದೆ. ತಾನು ಹಿಡಿದ ಸಾರಜನಕವನ್ನಾದರೋ ಅದು ಬಹುಪಾಲು ತನ್ನ ಮೈಗೇ ಬಳಸುತ್ತದೆ. ಗಿಡಕ್ಕೆ ದಕ್ಕುವುದು ಹೆಚ್ಚಾಗಿ ಅದು ಸತ್ತ ಮೇಲೆ. ಅಡಿಗೆಯವನೆಂದು ನಂಬಿ ಮನೆಗೆ ಕರೆತಂದವನು ಹಸಿವು ಹೆಚ್ಚಿಸುವ ವೈದ್ಯನಾಗಿದ್ದಂತಾಯಿತು. ಅವನಿಂದಲೂ ಉಪಕಾರವೇನೋ ಉಂಟು, ಆದರೆ ಅಟ್ಟದಲ್ಲಿ ಕಾಳಿಲ್ಲದ ಮನೆಗೆ ಅವನು ಮಾಡುವುದೇನು?

1994ರಲ್ಲಿ ಇಸ್ರೇಲಿನ ಓಕೋನ್ ಮತ್ತು ಉರುಗ್ವೆಯ ಲಬಾಂದೆರಾ ಇಪ್ಪತ್ತು ವರ್ಷಗಳ ಹೊಲಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದರು. ನೂರಕ್ಕೆ 60ರಿಂದ 70 ಪ್ರಯೋಗಗಳಲ್ಲಿ ಯಶಸ್ಸು. ಇಳುವರಿಯ ಹೆಚ್ಚಳ ಶೇಕಡಾ 5ರಿಂದ 30. ಅಂದರೆ ಹತ್ತು ಬಾರಿ ಹಚ್ಚಿದರೆ ಮೂರು ನಾಲ್ಕು ಬಾರಿ ಫಲವಿಲ್ಲ. ಜಾಹೀರಾತಿನ ಕಾಗದಗಳಲ್ಲಿ ಈ ಮೂರು ನಾಲ್ಕು ಬಾರಿಯ ಪ್ರಸ್ತಾಪವನ್ನು ನಾನು ಎಂದೂ ಕಂಡಿಲ್ಲ.

ಡೋಬರೈನರ್ ಮಾತ್ರ ಕೈಚೆಲ್ಲಲಿಲ್ಲ. ಬ್ರೆಜಿಲಿನ ಕಬ್ಬಿನ ಗದ್ದೆಗಳು ಅಲ್ಪಸ್ವಲ್ಪ ಸಾರಜನಕದಲ್ಲೇ ದಶಕಗಟ್ಟಲೆ ಫಲ ಕೊಡುತ್ತಿರುವುದನ್ನು ನೋಡಿ, 1988ರಲ್ಲಿ ಕವಲ್ಕಾಂತಿ ಎಂಬ ಸಹೋದ್ಯೋಗಿಯೊಡನೆ ಕಬ್ಬಿನ ಒಳಮೈಯಲ್ಲೇ, ಆ ಸಕ್ಕರೆಯ ಪಾಕದಲ್ಲೇ ವಾಸಿಸುವ ಸಾರಜನಕಗ್ರಾಹಿಯೊಂದನ್ನು ಕಂಡುಹಿಡಿದಳು. ಆಕೆಯ ಇನ್ನೊಂದು ಹಟ ಇದಕ್ಕಿಂತ ದೊಡ್ಡ ಫಲ ಕೊಟ್ಟಿತು. ಸೋಯಾ ಅವರೆಗೆ ಅಮೆರಿಕದವರಂತೆ ಗೊಬ್ಬರ ಹಾಕುವುದು ಬೇಡ, ರೈಜೋಬಿಯಂ ಮಾತ್ರ ಹಚ್ಚಿ ಬೆಳೆಯಬಲ್ಲ ತಳಿಗಳನ್ನೇ ಆರಿಸೋಣ ಎಂದು ಆಕೆ ಮತ್ತು ಸಂಗಡಿಗರು ಪಟ್ಟು ಹಿಡಿದರು. ಇಂದು ಸೋಯಾ ಬೆಳೆಯುವುದರಲ್ಲಿ ಬ್ರೆಜಿಲ್ ಪ್ರಪಂಚಕ್ಕೇ ಮೊದಲು; ಆ ಬೆಳೆಗೆ ಸಾರಜನಕದ ಗೊಬ್ಬರವನ್ನು ಹೆಚ್ಚುಕಡಿಮೆ ಹಾಕುವುದೇ ಇಲ್ಲ. 2000ದ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಳು.

ಆಕೆಯ ಜಾಡಿನಲ್ಲಿ ನಡೆದವರಲ್ಲಿ ಮರಿಯಾಂಜೆಲಾ ಉಂಗ್ರಿಯಾ ಎಂಬ ವಿಜ್ಞಾನಿಯ ಹೆಸರನ್ನು ಹೇಳಲೇಬೇಕು. ಲಾಂದ್ರೀನಾ ನಗರದ ಸಂಶೋಧನಾ ಕೇಂದ್ರದಲ್ಲಿ ಆಕೆ ನಡೆಸಿದ ಪ್ರಯೋಗಗಳಿಂದ, ಆರಿಸಿ ತೆಗೆದ ಎರಡು ಅಜೋಸ್ಪಿರಿಲಂ ವಂಶಗಳು 2009ರ ಸುಮಾರಿಗೆ ಮುಸುಕಿನ ಜೋಳ, ಗೋಧಿಗಳಿಗಾಗಿ ಬ್ರೆಜಿಲಿನ ಪೇಟೆಗೆ ಬಂದವು. ಮೊದಲ ಪ್ರಯೋಗಗಳಲ್ಲಿ ಜೋಳದ ಇಳುವರಿ ಶೇಕಡಾ 24ರಿಂದ 30ರಷ್ಟು ಏರಿತ್ತು. ತರುವಾಯ ದೇಶದ ನೂರಾರು ಹೊಲಗಳ ಲೆಕ್ಕ ಸೇರಿಸಿದಾಗ ಸರಾಸರಿ ಶೇಕಡಾ 5ರ ಆಸುಪಾಸಿಗೆ ಇಳಿಯಿತು. ನಿಜವಾದ ಹೊಲದಲ್ಲಿ ಎಲ್ಲ ಔಷಧಿಗಳೂ ಹೀಗೆ ಇಳಿಯತಕ್ಕವೇ. ಆದರೆ ಪೊಟ್ಟಣದ ಬೆಲೆ ಅತ್ಯಲ್ಪವಾದದ್ದರಿಂದ ಆ ಐದರಿಂದಲೂ ರೈತನಿಗೆ ಲಾಭವೇ. 2025ರ ಜಾಗತಿಕ ಆಹಾರ ಪ್ರಶಸ್ತಿ ಉಂಗ್ರಿಯಾ ಅವರಿಗೆ ಸಂದಿತು.

ನಮ್ಮ ರಾಗಿಯ ಪಾಡೇನು?

ಭಾರತದಲ್ಲಿಯೂ ಈ ಯೋಚನೆ ಹೊಸದಲ್ಲ. ಬತ್ತದ ಗದ್ದೆಯ ನಿಂತ ನೀರಿನ ನೀಲಿ-ಹಸುರು ಪಾಚಿ ಸಾರಜನಕ ಹಿಡಿಯುತ್ತದೆಂಬುದನ್ನು ಪಿ. ಕೆ. ಡೇ ಅವರು 1939ರಲ್ಲೇ ತೋರಿಸಿಕೊಟ್ಟರು. 1970ರ ದಶಕದ ಕೊನೆಯಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎನ್. ಎಸ್. ಸುಬ್ಬರಾವ್ ಮತ್ತು ಸಂಗಡಿಗರು ಅಜೋಸ್ಪಿರಿಲಂ ಅನ್ನು ಜೋಳ, ಸಜ್ಜೆ, ರಾಗಿಗಳ ಮೇಲೆ ಪರೀಕ್ಷಿಸಿದರು. ಒಣಬೇಸಾಯದ ಈ ಬಡ ಧಾನ್ಯಗಳು ಅದಕ್ಕೆ ಚೆನ್ನಾಗಿಯೇ ಓಗೊಟ್ಟವು. ಆಮೇಲೆ 1983ರಲ್ಲಿ ಜೈವಿಕ ಗೊಬ್ಬರಗಳ ರಾಷ್ಟ್ರೀಯ ಯೋಜನೆ ಹುಟ್ಟಿತು. 2006ರಲ್ಲಿ ಇವು ರಸಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೂ ಬಂದವು. ಆ ಕಾನೂನಿನಂತೆ ಪುಡಿಯ ರೂಪದ ಪೊಟ್ಟಣದ ಒಂದೊಂದು ಗ್ರಾಮಿನಲ್ಲಿಯೂ ಕನಿಷ್ಠ 5 ಕೋಟಿ ಜೀವಂತ ಅಣುಜೀವಿಗಳಿರಬೇಕು.

‘ಜೀವಂತ’ ಎಂಬ ಆ ಒಂದು ಮಾತಿನಲ್ಲೇ ಎಲ್ಲವೂ ಇದೆ. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಪರಿಚಿತ ರೈತರೊಬ್ಬರ ಸಂಗಡ ಒಂದು ಅಂಗಡಿಗೆ ಹೋಗಿದ್ದೆ. ಅಜೋಸ್ಪಿರಿಲಂ ಪೊಟ್ಟಣಗಳು ಬಾಗಿಲ ಪಕ್ಕದಲ್ಲಿ, ನಡುಹಗಲ ಬಿಸಿಲಿನಲ್ಲಿ, ಕೀಟನಾಶಕದ ಡಬ್ಬಗಳಿಗೆ ಒರಗಿಕೊಂಡು ಕುಳಿತಿದ್ದವು. ಅವಧಿ ಮುಗಿದು ಎರಡು ತಿಂಗಳಾಗಿತ್ತು. ‘ಮಣ್ಣಿನ ಪುಡಿ ತಾನೆ ಸ್ವಾಮಿ, ಕೆಡುವುದೇನು?’ ಎಂದು ಅಂಗಡಿಯವರು ನಕ್ಕರು. ರೈತರು ಕೊಂಡರು, ಬಿತ್ತಿದರು, ಫಲ ಕಾಣಲಿಲ್ಲ. ಈಗ ಯಾರು ಎಷ್ಟು ಹೇಳಿದರೂ ಅವರು ಅದನ್ನು ಮುಟ್ಟುವುದಿಲ್ಲ. ಅವರನ್ನು ದೂರುವ ಧೈರ್ಯ ನನಗಿಲ್ಲ.

ಹೊಸ ಪೊಟ್ಟಣ ಸಿಕ್ಕರೆ ಕೆಲಸವೇನೂ ಕಷ್ಟದ್ದಲ್ಲ. ಬೆಲ್ಲದ ನೀರನ್ನೋ ಆರಿದ ಗಂಜಿಯನ್ನೋ ಅಂಟಾಗಿ ಮಾಡಿ, ಪುಡಿಯನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಕೂಡಲೆ ಬಿತ್ತಬೇಕು. ನಾಟಿಯ ರಾಗಿಯಾದರೆ ಸಸಿಯ ಬೇರನ್ನು ಆ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ನೆಡಬಹುದು. ರಾಸಾಯನಿಕ ಗೊಬ್ಬರ, ಕೀಟನಾಶಕಗಳೊಡನೆ ಕಲಸಕೂಡದು. ಹೊಲಕ್ಕೆ ಕೊಟ್ಟಿಗೆ ಗೊಬ್ಬರವೂ ಬಿದ್ದಿರಬೇಕು. ಒಣಗಿ ಬೂದಿಯಾದ ಮಣ್ಣಿನಲ್ಲಿ ಯಾವ ಅತಿಥಿ ನಿಂತಾನು? ಯೂರಿಯಾವನ್ನು ಪೂರ್ತಿ ಬಿಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಕುವ ಸಾರಜನಕದಲ್ಲಿ ಕಾಲುಪಾಲು ಉಳಿದರೆ ಅದೇ ದೊಡ್ಡದು.

ನಿಜವಾಗಿ ಗಾಳಿಯುಂಡು ಬೆಳೆಯುವ ಜೋಳ ಇಲ್ಲವೇ ಇಲ್ಲವೆ ಎಂದರೆ, ಉಂಟು. ಮೆಕ್ಸಿಕೋ ದೇಶದ ವಹಾಕಾ ರಾಜ್ಯದ ಗುಡ್ಡಗಾಡಿನಲ್ಲಿ, ತೊತೊಂತೆಪೆಕ್ ಎಂಬ ಊರಿನ ಮೀಹೆ ಜನ ತಲೆತಲಾಂತರದಿಂದ ಬೆಳೆಯುತ್ತ ಬಂದ ಮುಸುಕಿನ ಜೋಳವದು. ಎರಡಾಳಿಗಿಂತ ಎತ್ತರ, ನೆಲದಿಂದ ಮೇಲೆ ಗೆಣ್ಣುಗೆಣ್ಣಿನಲ್ಲೂ ಕೆಂಪು ಬೆರಳುಗಳಂತಹ ಬೇರುಗಳು. ಮಳೆ ಬಂದಾಗ ಆ ಬೇರುಗಳಿಂದ ಸಕ್ಕರೆ ತುಂಬಿದ ಲೋಳೆ ತೊಟ್ಟಿಕ್ಕುತ್ತದೆ. ಆ ಲೋಳೆಯೇ ಅಣುಜೀವಿಗಳಿಗೆ ಛತ್ರ. ಗಾಳಿ ಮಿತವಾಗಿ, ಸಕ್ಕರೆ ಧಾರಾಳವಾಗಿ! ಆ ಜೋಳ ತನ್ನ ಸಾರಜನಕದಲ್ಲಿ ಶೇಕಡಾ 29ರಿಂದ 82ರಷ್ಟನ್ನು ಗಾಳಿಯಿಂದಲೇ ಪಡೆಯುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಫಲಕ್ಕೆ ಬರಲು ಅದು ತೆಗೆದುಕೊಳ್ಳುವ ಕಾಲ ಮಾತ್ರ ಬಲು ದೀರ್ಘ. ವಿಜ್ಞಾನಿಗಳೀಗ ಆ ಬೇರಿನ ಗುಣವನ್ನು ಬೇಗ ಮಾಗುವ ತಳಿಗಳಿಗೆ ತರಲು ಹೆಣಗುತ್ತಿದ್ದಾರೆ. ಲಾಭ ಬಂದರೆ ಊರವರಿಗೂ ಪಾಲು ಕೊಡತಕ್ಕದ್ದೆಂದು ಕರಾರಾಗಿದೆ.

ನಮ್ಮ ಕಡೆಯ ಹಿರಿಯರು ಬೇರೆಯ ಉಪಾಯ ಕಂಡುಕೊಂಡಿದ್ದರು. ಹಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ. ಈ ಬಾರಿ ಅಂತಹ ಹೊಲ ಸಿಕ್ಕರೆ, ಹೂ ಬಿಡುವ ಮುನ್ನ ಅವರೆಯ ಗಿಡವೊಂದನ್ನು ಮಣ್ಣು ಸಮೇತ ಮೆಲ್ಲನೆ ಎತ್ತಿ, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿಯ ಬಣ್ಣವಿದ್ದರೆ ಕುಲುಮೆ ಉರಿಯುತ್ತಿದೆ; ಬೂದುಬಣ್ಣವಿದ್ದರೆ ಆರಿದೆ. ಪಕ್ಕದ ರಾಗಿಯನ್ನು ಕಿತ್ತರೆ ಗಂಟು ಕಾಣದು. ಕವಲು ಬೇರುಗಳು, ಅವುಗಳಿಗೆ ಅಂಟಿದ ಕೆಮ್ಮಣ್ಣು, ಅಷ್ಟೆ. ಆ ಮಣ್ಣನ್ನು ಕೊಡಹಿ ಬಿಡಬೇಡಿ. ಗಿಡವನ್ನು ಇದ್ದಲ್ಲೇ ಊರಿ, ಒಂದು ಚೆಂಬು ನೀರು ಹುಯ್ಯಿರಿ.